ಸೆಲೆ ಬತ್ತಿಲ್ಲ, ಹಾದಿ ಕಟ್ಟಿದೆ

ಕನ್ನಡದಲ್ಲಿ ಬಂಜೆ ಎಂಬ ಪದ ಸ್ತ್ರೀಲಿಂಗ. ಅದಕ್ಕೆ ಸಮನಾದ ಪುಲ್ಲಿಂಗ ಪದ ನಮ್ಮ ಆಡುಮಾತಿನಲ್ಲಿ ಇಲ್ಲ. ಷಂಡ, ನಪುಂಸಕ ಎಂಬ ಪದಗಳಿವೆ, ನಿಜ. ಆದರೆ ಅವು ಹೇಳುವುದು ಬೇರೆಯೇ ಕೊರತೆಯನ್ನು. ದಾಂಪತ್ಯಕ್ಕೆ ಎಲ್ಲ ಬಗೆಯಿಂದಲೂ ಶಕ್ತನಾಗಿದ್ದು, ಸಂತಾನವನ್ನು ಮಾತ್ರ ಪಡೆಯಲಾಗದ ಗಂಡಸಿಗೆ ನಮ್ಮ ಭಾಷೆ ಹೆಸರನ್ನೇ ಇಟ್ಟಿಲ್ಲ. ಹೆಸರಿಲ್ಲದ್ದನ್ನು ಸಮಾಜ ಇಲ್ಲವೆಂದೇ ತಿಳಿಯುತ್ತದೆ. ಮದುವೆಯಾಗಿ ಮೂರು ವರ್ಷ ಕಳೆದರೂ ತೊಟ್ಟಿಲು ತೂಗದಿದ್ದರೆ ಅಶ್ವತ್ಥಕಟ್ಟೆ ಸುತ್ತುವವಳು ಸೊಸೆ, ಹರಕೆ ಹೊರುವವಳು ಸೊಸೆ, ಸೀಮಂತದ ಮನೆಗಳಲ್ಲಿ ಹಿಂದಿನ ಸಾಲಿಗೆ ಸರಿಯುವವಳೂ ಸೊಸೆಯೇ.

ಮೂತ್ರಾಂಗ ಮತ್ತು ಪುರುಷ ಜನನಾಂಗಗಳ ಶಸ್ತ್ರವೈದ್ಯನಾದ ನನ್ನ ಬಳಿಗೆ ಬರುವ ಎಷ್ಟೋ ದಂಪತಿಗಳ ಕೈಯಲ್ಲಿ ಹೆಂಡತಿಯ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಲ್ಯಾಪರಾಸ್ಕೋಪಿ ವರದಿಗಳ ದಪ್ಪನೆಯ ಕಡತವಿರುತ್ತದೆ. ಗಂಡನ ವೀರ್ಯಪರೀಕ್ಷೆಯ ಒಂದು ಹಾಳೆ ಅದರಲ್ಲಿ ಇರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ತೊಂದರೆಯೂ ಒಂದು ಕಾರಣವಾಗಿರುತ್ತದೆ ಎಂಬುದು ಇಂದು ವೈದ್ಯವಿಜ್ಞಾನ ಒಪ್ಪಿರುವ ಮಾತು. ಹೀಗಿದ್ದೂ ಪರೀಕ್ಷೆಯ ಸರದಿಯಲ್ಲಿ ಆತ ಕೊನೆಯವನು. ಈ ವಿಪರ್ಯಾಸವನ್ನು ಕಂಡಾಗಲೆಲ್ಲ ನನಗೆ ನೆನಪಾಗುವವನು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಾಳಿದ ಜಾನ್ ಹಂಟರ್. ಆಧುನಿಕ ಶಸ್ತ್ರವೈದ್ಯದ ಪಿತಾಮಹರಲ್ಲಿ ಒಬ್ಬನೆಂದು ಜಗತ್ತು ಆತನನ್ನು ಬಲ್ಲದು. ಪುರುಷರ ಸಂತಾನಹೀನತೆಯ ಕುರಿತು ನಾವಿಂದು ತಿಳಿದಿರುವ ಕೆಲವು ಮೂಲಭೂತ ಸತ್ಯಗಳೂ ಆತನ ಅಂಗಚ್ಛೇದನದ ಮೇಜಿನ ಮೇಲೆಯೇ ಬೆಳಕಿಗೆ ಬಂದವು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹಂಟರ್ ಹುಟ್ಟಿದ್ದು 1728ರ ಫೆಬ್ರವರಿಯಲ್ಲಿ, ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್ ಬಳಿಯ ಲಾಂಗ್ ಕಾಲ್ಡರ್‌ವುಡ್ ಎಂಬಲ್ಲಿನ ಬೇಸಾಯದ ಮನೆಯಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವನು. ಹದಿಮೂರರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ. ಶಾಲೆ ಆತನಿಗೆ ಒಗ್ಗಲಿಲ್ಲ. ಪುಸ್ತಕಕ್ಕಿಂತ ಹೊಲದ ಬದುವಿನ ಹಕ್ಕಿಗೂಡು, ಹುಳುಹುಪ್ಪಟೆಗಳೇ ಹೆಚ್ಚು ಪ್ರಿಯವಾದವು. ಕೆಲಕಾಲ ಗ್ಲಾಸ್ಗೋದಲ್ಲಿ ಭಾವನ ಬಳಿ ಮರಗೆಲಸಕ್ಕೂ ನಿಂತ. 1748ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಲಂಡನ್ನಿನಲ್ಲಿ ಅಂಗರಚನಾ ಶಾಸ್ತ್ರದ ಶಾಲೆ ನಡೆಸುತ್ತಿದ್ದ ಅಣ್ಣ ವಿಲಿಯಂ ಹಂಟರ್‌ನನ್ನು ಸೇರಿಕೊಂಡ. ಅಣ್ಣ ಓದಿದವನು, ಮಾತುಗಾರ, ಶ್ರೀಮಂತರ ಮನೆಗಳಿಗೆ ಹೆರಿಗೆ ವೈದ್ಯ. ತಮ್ಮನ ಬಂಡವಾಳವೆಂದರೆ ಎರಡು ಕೈಗಳು, ಎರಡು ಕಣ್ಣುಗಳು. ಆದರೆ ಆ ಕೈಗಳಂಥ ಕೈಗಳು ಲಂಡನ್ನಿನಲ್ಲಿ ಇನ್ನೊಂದಿಲ್ಲ ಎಂಬುದು ಅಣ್ಣನಿಗೆ ಕೆಲವೇ ವಾರಗಳಲ್ಲಿ ಅರಿವಾಯಿತು.

ಆ ಕೈಗಳು ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ನನ್ನ ವೃತ್ತಿಗೆ ನೇರವಾಗಿ ಸಂಬಂಧಿಸಿದ್ದು. ವೃಷಣದೊಳಗೆ ಸೂಕ್ಷ್ಮ ನಳಿಕೆಗಳ ಸಿಕ್ಕು ಇದೆಯೆಂಬುದನ್ನು ಡಚ್ ವೈದ್ಯ ರೆನಿಯೆ ದ ಗ್ರಾಫ್ 1668ರಲ್ಲಿಯೇ ತೋರಿಸಿದ್ದ. ಅದರಿಂದ ಹೊರಡುವ ಹಾದಿಯನ್ನು ಬಿಡಿಸಿ ತೋರುವ ಕೆಲಸ ಉಳಿದಿತ್ತು. 1752ರಲ್ಲಿ ಹಂಟರ್ ಶವವೊಂದರ ವೀರ್ಯನಾಳಕ್ಕೆ ಪಾದರಸವನ್ನು ತುಂಬಿಸಿದ. ಬೆಳ್ಳಿಯಂತೆ ಹೊಳೆಯುವ ಆ ದ್ರವ ನಾಳದಿಂದ ಹಿಂದಕ್ಕೆ ಸಾಗಿ, ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿಯನ್ನು ದಾಟಿ, ವೃಷಣದ ನಳಿಕೆಗಳವರೆಗೆ ತಲುಪಿತು. ಕಾರಖಾನೆಯಿಂದ ಹೆದ್ದಾರಿಯವರೆಗಿನ ರಸ್ತೆಯ ನಕ್ಷೆ ಕಣ್ಣಿಗೆ ಕಟ್ಟುವಂತೆ ಮೂಡಿತು. ಇದನ್ನು ಮೊದಲು ಮಾಡಿದವರು ಯಾರೆಂಬ ಬಗ್ಗೆ ಹಂಟರ್ ಸೋದರರಿಗೂ ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋಗೂ ವರ್ಷಗಟ್ಟಲೆ ಕದನ ನಡೆಯಿತು. ಕದನ ಮರೆತುಹೋಗಿದೆ, ನಕ್ಷೆ ಉಳಿದಿದೆ. ಬಿಡಿಸಿ ಹರವಿದರೆ ಸುಮಾರು ಆರು ಮೀಟರ್ ಉದ್ದವಾಗುವ, ಕೂದಲಿನಷ್ಟು ತೆಳ್ಳಗಿನ ಒಂದೇ ನಳಿಕೆ ಎಪಿಡಿಡಿಮಿಸ್‌ನೊಳಗೆ ಸುರುಳಿ ಸುತ್ತಿಕೊಂಡು ಕುಳಿತಿದೆ. ವೀರ್ಯಾಣುಗಳು ಅದನ್ನು ದಾಟಲು ಹಲವು ದಿನಗಳು ಬೇಕು. ದಾಟುತ್ತ ದಾಟುತ್ತಲೇ ಅವು ಈಜುವ ಶಕ್ತಿಯನ್ನೂ ಪಡೆಯುತ್ತವೆ. ಆ ಹಾದಿಯಲ್ಲಿ ಒಂದೇ ಒಂದು ಕಡೆ ತಡೆ ಬಿದ್ದರೂ ಅಲ್ಲಿಗೆ ಪಯಣ ಮುಗಿಯಿತು.

ಎರಡನೆಯ ಸತ್ಯ 1755ರಲ್ಲಿ ಎದುರಾಯಿತು. ಆ ವರ್ಷ ಹಂಟರ್ ಕೊಯ್ದು ನೋಡಿದ ಒಂದು ಶವದಲ್ಲಿ ವೀರ್ಯನಾಳ ಹುಟ್ಟಿನಿಂದಲೇ ಅಪೂರ್ಣವಾಗಿತ್ತು. ಹೊರಗಿನ ದಾರಿಗೆ ಅದು ಕೂಡಿಕೊಂಡಿರಲೇ ಇಲ್ಲ. ಹಾದಿಯಿಲ್ಲದ ಮೇಲೆ ಹಾದಿಯ ಮೂಲವೂ ಬಾಡಿರಬೇಕಲ್ಲವೇ? ಬಾಡಿರಲಿಲ್ಲ. ವೃಷಣಗಳು ಆರೋಗ್ಯವಾಗಿಯೇ ಇದ್ದವು. ಈ ಅವಲೋಕನವನ್ನು ಆತ ಪ್ರಕಟಿಸಿದ್ದು ಮೂರು ದಶಕಗಳ ನಂತರ, 1786ರಲ್ಲಿ. ಇಂದಿಗೂ ತಡೆಯಿಂದಾದ ಸಂತಾನಹೀನತೆಗೆ ಸಂಬಂಧಿಸಿದ ಎಲ್ಲ ಚಿಕಿತ್ಸೆಗೂ ಬುನಾದಿ ಇದೇ. ನಾಲೆ ಕಟ್ಟಿಕೊಂಡಿತೆಂದ ಮಾತ್ರಕ್ಕೆ ಸೆಲೆ ಬತ್ತುವುದಿಲ್ಲ. ವೃಷಣ ತನ್ನ ಪಾಡಿಗೆ ತಾನು ದುಡಿಯುತ್ತಲೇ ಇರುತ್ತದೆ. ಹೊರಬರಲಾಗದ ವೀರ್ಯಾಣುಗಳನ್ನು ದೇಹವೇ ಹೀರಿಕೊಳ್ಳುತ್ತದೆ. ಹಾದಿಯನ್ನು ಸರಿಪಡಿಸಿದರೆ ಎಷ್ಟೋ ವರ್ಷಗಳ ನಂತರವೂ ಹರಿವು ಮರಳಬಹುದು ಎಂಬ ಭರವಸೆಯ ಬೀಜ ಇಲ್ಲಿದೆ.

ಅದೇ ಪುಸ್ತಕದಲ್ಲಿ ಹಂಟರ್ ಇನ್ನೂ ಒಂದು ಹಳೆಯ ನಂಬಿಕೆಯನ್ನು ಒಡೆದ. ಮೂತ್ರಕೋಶದ ಹಿಂದಿರುವ ಎರಡು ಪುಟ್ಟ ಚೀಲಗಳು ವೃಷಣದಿಂದ ಬಂದ ವೀರ್ಯವನ್ನು ಕೂಡಿಡುವ ಉಗ್ರಾಣಗಳೆಂದು ಆವರೆಗಿನ ಪಂಡಿತರು ತಿಳಿದಿದ್ದರು. ಒಂದು ಕಡೆಯ ವೃಷಣವನ್ನು ಕಳೆದುಕೊಂಡಿದ್ದ ಗಂಡಸಿನ ಶವವನ್ನು ಪರೀಕ್ಷಿಸಿದಾಗ ಎರಡೂ ಕಡೆಯ ಚೀಲಗಳು ಸಮನಾಗಿ ತುಂಬಿದ್ದುದನ್ನು ಹಂಟರ್ ಕಂಡ. ಹಾಗಿದ್ದರೆ ಆ ದ್ರವ ಚೀಲದ್ದೇ ಉತ್ಪನ್ನ, ವೃಷಣದ್ದಲ್ಲ ಎಂದು ನಿರ್ಣಯಿಸಿದ. ಆ ನಿರ್ಣಯ ಸರಿಯಾಗಿತ್ತು. ವೀರ್ಯದ ಬಹುಪಾಲು ಬರುವುದು ಆ ಚೀಲಗಳಿಂದ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ. ವೃಷಣದ ಕಡೆಯಿಂದ ಬರುವುದು ಸುಮಾರು ಹತ್ತರಲ್ಲೊಂದು ಪಾಲು, ಹಲವೊಮ್ಮೆ ಅದಕ್ಕಿಂತಲೂ ಕಡಿಮೆ. ಮೇಲ್ನೋಟಕ್ಕೆ ಇದು ಅಂಗರಚನೆಯ ಒಣ ವಿವರ. ಆದರೆ ಎಷ್ಟೋ ಮನೆಗಳ ಕಣ್ಣೀರಿನ ಕಾರಣ ಇದರಲ್ಲಿ ಅಡಗಿದೆ. ಎಪಿಡಿಡಿಮಿಸ್‌ನಲ್ಲಿ ತಡೆಯಿರುವ ಗಂಡಸಿಗೆ ತನ್ನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆಸೆ, ಶಕ್ತಿ, ಸ್ಖಲನ ಎಲ್ಲವೂ ಯಥಾಪ್ರಕಾರ. ಇಲ್ಲದಿರುವುದು ಬರಿಗಣ್ಣಿಗೆ ಕಾಣದ ವೀರ್ಯಾಣು ಮಾತ್ರ. ನನಗೇನೂ ಆಗಿಲ್ಲ, ಅವಳನ್ನೇ ಪರೀಕ್ಷಿಸಿ ಎಂದು ಆತ ಹೇಳುವುದರಲ್ಲಿ ಎಲ್ಲ ಸಲವೂ ಅಹಂಕಾರವೇ ಇರುವುದಿಲ್ಲ. ಆತನ ದೇಹ ಆತನಿಗೆ ಸುಳ್ಳು ಹೇಳುತ್ತಿರುತ್ತದೆ. ಆ ಸುಳ್ಳನ್ನು ಬಯಲು ಮಾಡಬಲ್ಲದ್ದು ಸೂಕ್ಷ್ಮದರ್ಶಕವೊಂದೇ.

ಹಂಟರ್‌ನ ಬದುಕನ್ನು ಬರಿಯ ಜಯಗಳ ಪಟ್ಟಿಯಾಗಿ ಬರೆದರೆ ಅದು ಆತನಿಗೆ ಮಾಡುವ ಅಪಚಾರ. 1761ರಲ್ಲಿ ಸೈನ್ಯದ ಶಸ್ತ್ರವೈದ್ಯನಾಗಿ ಫ್ರಾನ್ಸಿನ ತೀರದ ಬೆಲ್ ಈಲ್ ದ್ವೀಪಕ್ಕೂ, ಬಳಿಕ ಪೋರ್ಚುಗಲ್ಲಿಗೂ ಹೋಗಿ ಬಂದ ಆತ 1767ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1768ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಶಸ್ತ್ರವೈದ್ಯನಾದ. ಇದರ ನಡುವೆ, 1767ರಲ್ಲಿ, ಆತ ನಡೆಸಿದ ಒಂದು ಪ್ರಯೋಗ ದುಬಾರಿಯಾಗಿ ಪರಿಣಮಿಸಿತು. ಗೊನೋರಿಯಾ ಮತ್ತು ಸಿಫಿಲಿಸ್ ಒಂದೇ ವಿಷದ ಎರಡು ಮುಖಗಳೇ ಎಂದು ತಿಳಿಯಲು ಗೊನೋರಿಯಾ ರೋಗಿಯ ಕೀವನ್ನು ಆರೋಗ್ಯವಂತನೊಬ್ಬನಿಗೆ ಚುಚ್ಚಿದ. ಚುಚ್ಚಿಸಿಕೊಂಡವನು ಹಂಟರ್ ತಾನೇ ಎಂದು ಹಲವರು ನಂಬಿದ್ದಾರೆ; ಅಲ್ಲವೆಂದು ವಾದಿಸುವವರೂ ಇದ್ದಾರೆ. ಎರಡೂ ರೋಗಗಳ ಲಕ್ಷಣ ಕಾಣಿಸಿಕೊಂಡವು. ಕೀವು ಕೊಟ್ಟ ರೋಗಿಗೆ ಎರಡೂ ರೋಗಗಳಿದ್ದಿರಬೇಕು. ಹಂಟರ್ ಮಾತ್ರ ಎರಡೂ ಒಂದೇ ಎಂದು ತೀರ್ಮಾನಿಸಿ 1786ರ ತನ್ನ ಗುಹ್ಯರೋಗಗಳ ಗ್ರಂಥದಲ್ಲಿ ಬರೆದ. ಆತನ ಹೆಸರಿನ ಭಾರಕ್ಕೆ ಆ ತಪ್ಪು ಅರ್ಧ ಶತಮಾನ ನಿಂತಿತು. 1838ರಲ್ಲಿ ಪ್ಯಾರಿಸ್ಸಿನ ಫಿಲಿಪ್ ರಿಕಾರ್ಡ್ ಎರಡನ್ನೂ ಬೇರ್ಪಡಿಸಿದ. 1879ರಲ್ಲಿ ಆಲ್ಬರ್ಟ್ ನೈಸರ್ ಗೊನೋರಿಯಾದ ರೋಗಾಣುವನ್ನು ಗುರುತಿಸಿದ. ಎಪಿಡಿಡಿಮಿಸ್‌ಗೆ ಹರಡಿ, ಅದರ ನಳಿಕೆಯನ್ನು ಕಲೆಗಟ್ಟಿಸಿ ಮುಚ್ಚಿಬಿಡುವ ಸೋಂಕುಗಳಲ್ಲಿ ಈ ಗೊನೋರಿಯಾವೇ ಪ್ರಮುಖವಾದದ್ದು ಎಂಬುದನ್ನು ನೆನೆದರೆ, ಆ ತಪ್ಪಿನ ನೆರಳು ನಮ್ಮ ವಿಷಯದ ಮೇಲೂ ಬಿದ್ದಿದೆಯೆಂದು ತಿಳಿಯುತ್ತದೆ.

ಹಾದಿಯನ್ನು ಸರಿಪಡಿಸಲಾಗದಾಗ ಏನು ಮಾಡಬೇಕೆಂಬುದಕ್ಕೂ ಹಂಟರ್‌ನಲ್ಲಿ ಒಂದು ಉತ್ತರವಿತ್ತು. ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಬಟ್ಟೆ ವ್ಯಾಪಾರಿಯೊಬ್ಬನಿಗೆ ಮೂತ್ರದ್ವಾರ ಹುಟ್ಟಿನಿಂದಲೇ ಶಿಶ್ನದ ಕೆಳಭಾಗದಲ್ಲಿತ್ತು. ವೀರ್ಯ ಗರ್ಭದ್ವಾರವನ್ನು ತಲುಪುತ್ತಿರಲಿಲ್ಲ. ಬೆಚ್ಚಗೆ ಮಾಡಿದ ಪಿಚಕಾರಿಯಲ್ಲಿ ಅದನ್ನು ಸಂಗ್ರಹಿಸಿ ಒಡನೆಯೇ ಹೆಂಡತಿಯ ಯೋನಿಯೊಳಕ್ಕೆ ಸೇರಿಸುವಂತೆ ಹಂಟರ್ ಆತನಿಗೆ ಸಲಹೆ ಮಾಡಿದ. ಆಕೆ ಬಸುರಾದಳು. ಇದು ಲೋಕಕ್ಕೆ ತಿಳಿದದ್ದು ಹಂಟರ್ ತೀರಿಕೊಂಡ ಬಳಿಕ, 1799ರಲ್ಲಿ, ಭಾವಮೈದುನ ಎವೆರಾರ್ಡ್ ಹೋಮ್ ಬರೆದ ಪ್ರಬಂಧದಿಂದ. ಆ ದಂಪತಿಗಳ ಹೆಸರು ಇಂದಿಗೂ ಯಾರಿಗೂ ಗೊತ್ತಿಲ್ಲ. ಗುಟ್ಟನ್ನು ಗುಟ್ಟಾಗಿಯೇ ಇಟ್ಟು ಬೀದಿಯ ನಾಲಗೆಗೆ ಅವರನ್ನು ಕೊಡದ ಆ ಎಚ್ಚರವೂ ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯ ಭಾಗವೇ. ಇಂದಿನ ಕೃತಕ ಗರ್ಭಧಾರಣೆಯ ದೊಡ್ಡ ಕಟ್ಟಡಕ್ಕೆ ಮೊದಲ ಕಲ್ಲುಗಳಲ್ಲಿ ಆ ಪಿಚಕಾರಿಯೂ ಒಂದು.

1785ರ ಡಿಸೆಂಬರಿನಲ್ಲಿ ಹಂಟರ್ ಕೈಗೊಂಡ ಶಸ್ತ್ರಚಿಕಿತ್ಸೆ ಆತನ ಹೆಸರನ್ನು ಯೂರೋಪಿನಲ್ಲೆಲ್ಲ ಹಬ್ಬಿಸಿತು. ಮಂಡಿಯ ಹಿಂದಿನ ರಕ್ತನಾಳ ಉಬ್ಬಿಕೊಂಡಿದ್ದ ಕುದುರೆಗಾಡಿಯವನೊಬ್ಬನ ಕಾಲನ್ನು ಕತ್ತರಿಸುವುದೇ ಅಂದಿನ ರೂಢಿ. ಹಂಟರ್ ಕಾಲನ್ನು ಕತ್ತರಿಸದೆ ತೊಡೆಯಲ್ಲಿಯೇ ರಕ್ತನಾಳವನ್ನು ಕಟ್ಟಿದ. ಅಕ್ಕಪಕ್ಕದ ಕಿರುನಾಳಗಳು ಹಿಗ್ಗಿ ಕಾಲಿಗೆ ರಕ್ತ ತಲುಪಿಸುತ್ತವೆಂಬ ನಂಬಿಕೆ ಆತನದು. ಅದು ಹುಸಿಯಾಗಲಿಲ್ಲ, ಗಾಡಿಯವನು ಕೆಲವೇ ವಾರಗಳಲ್ಲಿ ತನ್ನ ಕಾಲಮೇಲೆ ನಡೆದುಕೊಂಡು ಮನೆಗೆ ಹೋದ. ರಕ್ತಕ್ಕೆ ಅಡ್ಡದಾರಿಗಳಿವೆ. ವೀರ್ಯಾಣುವಿಗೆ ಅಂಥ ಅಡ್ಡದಾರಿಯಿಲ್ಲ. ಇರುವುದೊಂದೇ ಹಾದಿ. ಅದು ಮುಚ್ಚಿದರೆ ಮನುಷ್ಯನ ಕೈಯೇ ಅದನ್ನು ಮತ್ತೆ ತೆರೆಯಬೇಕು.

ಜ್ಞಾನದ ಹಸಿವು ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದು ಎಂಬುದಕ್ಕೂ ಹಂಟರ್ ಉದಾಹರಣೆಯೇ. ಗಲ್ಲಿಗೇರಿದವರ ಶವಗಳಷ್ಟೇ ಕಾನೂನುಬದ್ಧವಾಗಿ ಸಿಗುತ್ತಿದ್ದ ಕಾಲದಲ್ಲಿ ಗೋರಿಗಳ್ಳರ ದೊಡ್ಡ ಗಿರಾಕಿಗಳಲ್ಲಿ ಆತನೂ ಒಬ್ಬ. 1783ರಲ್ಲಿ ಚಾರ್ಲ್ಸ್ ಬರ್ನ್ ಎಂಬ ಏಳೂವರೆ ಅಡಿಗೂ ಮೀರಿದ ಐರಿಷ್ ಯುವಕ ಲಂಡನ್ನಿನಲ್ಲಿ ಸಾವಿನ ಅಂಚಿನಲ್ಲಿದ್ದಾಗ, ತನ್ನ ಹೆಣ ವೈದ್ಯರ ಕೈಗೆ ಸಿಗದಂತೆ ಸಮುದ್ರದಲ್ಲಿ ಮುಳುಗಿಸಬೇಕೆಂದು ಗೆಳೆಯರಿಗೆ ಹೇಳಿದ್ದ. ಹಂಟರ್ ಹಣ ಚೆಲ್ಲಿ ಆ ಹೆಣವನ್ನು ದಾರಿಯಲ್ಲೇ ತರಿಸಿಕೊಂಡ. ಆ ಅಸ್ಥಿಪಂಜರ ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಾರ್ವಜನಿಕ ಪ್ರದರ್ಶನದಲ್ಲಿತ್ತು. ದುರಸ್ತಿಗಾಗಿ 2017ರಲ್ಲಿ ಮುಚ್ಚಿದ ಹಂಟರ್ ವಸ್ತುಸಂಗ್ರಹಾಲಯ 2023ರಲ್ಲಿ ಮತ್ತೆ ತೆರೆದಾಗ ಅದನ್ನು ಪ್ರದರ್ಶನಕ್ಕೆ ಇಡಲಿಲ್ಲ. ಮನುಷ್ಯನ ದೇಹದ ಮೇಲೆ ಕೊನೆಯ ಮಾತು ಆ ಮನುಷ್ಯನದೇ ಎಂಬ ಸರಳ ನ್ಯಾಯಕ್ಕೆ ತಲೆಬಾಗಲು ವೈದ್ಯಲೋಕ ಇಷ್ಟು ಕಾಲ ತೆಗೆದುಕೊಂಡಿತು.

ಇಲ್ಲಿಂದ ನಮ್ಮ ದೇಶದ ಕಡೆಗೆ ತಿರುಗುವುದು ಅನಿವಾರ್ಯ. ಕುಟುಂಬ ಯೋಜನೆಗಾಗಿ ಮಾಡುವ ಪುರುಷ ಸಂತಾನಹರಣ ಚಿಕಿತ್ಸೆಯೆಂದರೆ ವೀರ್ಯನಾಳಕ್ಕೆ ಉದ್ದೇಶಪೂರ್ವಕವಾಗಿ ಒಡ್ಡುವ ತಡೆ. ಮನಸಾರೆ ಒಪ್ಪಿದವನಿಗೆ ಅದು ಸುರಕ್ಷಿತವೂ ಸುಲಭವೂ ಆದ ಚಿಕಿತ್ಸೆ. ಆದರೆ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಒಪ್ಪಿಗೆಯನ್ನು ಕೇಳಿದವರು ಕಡಿಮೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಹರಣ ಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಗಂಡಸರ ಮೇಲೆ. ಅವಿವಾಹಿತರನ್ನೂ ಬಿಟ್ಟಿರಲಿಲ್ಲವೆಂಬುದನ್ನು ಶಾ ಆಯೋಗ ದಾಖಲಿಸಿತು. ಆ ಭಯ ಇಂದಿಗೂ ಅಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹಿತ ದಂಪತಿಗಳಲ್ಲಿ ಶೇ 37.9ರಷ್ಟು ಮಂದಿ ಹೆಂಡತಿಯ ಶಸ್ತ್ರಚಿಕಿತ್ಸೆಯನ್ನು ನೆಚ್ಚಿಕೊಂಡಿದ್ದರೆ ಗಂಡನ ಶಸ್ತ್ರಚಿಕಿತ್ಸೆಯ ಪಾಲು ಶೇ 0.3 ಮಾತ್ರ. ಮಕ್ಕಳಾಗದಿದ್ದರೂ ಹೊಣೆ ಆಕೆಯದು, ಮಕ್ಕಳು ಸಾಕೆಂದರೂ ಹೊಣೆ ಆಕೆಯದು.

ನಮ್ಮ ನೆಲಕ್ಕೂ ಹಂಟರ್‌ಗೂ ಇನ್ನೊಂದು ನಂಟಿದೆ. 1770ರಲ್ಲಿ ಆತನ ಮನೆಯಲ್ಲಿಯೇ ಉಳಿದು ಕಲಿತ ಶಿಷ್ಯ ಎಡ್ವರ್ಡ್ ಜೆನ್ನರ್. ಬರಿದೇ ಯೋಚಿಸುತ್ತ ಕೂರಬೇಡ, ಪ್ರಯೋಗ ಮಾಡಿ ನೋಡು ಎಂಬುದು ಗುರು ಆತನಿಗೆ ಪತ್ರಗಳಲ್ಲಿ ಕೊಟ್ಟ ಬುದ್ಧಿವಾದದ ತಿರುಳು. 1796ರಲ್ಲಿ ಜೆನ್ನರ್ ಸಿಡುಬಿಗೆ ಲಸಿಕೆಯನ್ನು ಪ್ರಯೋಗಿಸಿದಾಗ ಹಂಟರ್ ಬದುಕಿರಲಿಲ್ಲ. ಆ ಲಸಿಕೆ ಕೆಲವೇ ವರ್ಷಗಳಲ್ಲಿ ಮೈಸೂರಿಗೂ ಬಂದಿತು. ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ಮೂವರು ರಾಜವಂಶದ ಸ್ತ್ರೀಯರ ವರ್ಣಚಿತ್ರ ಮೈಸೂರು ಅರಮನೆಯ ರಾಣಿಯರದು, ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಸಿಡುಬು ಮುಖದ ಮೇಲೆ ಕುಳಿಗಳನ್ನು ಬಿಟ್ಟುಹೋಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತು. ಬದುಕುಳಿದ ಗಂಡಸರ ಎಪಿಡಿಡಿಮಿಸ್‌ನಲ್ಲೂ ಅದು ಕಲೆ ಬಿಟ್ಟು ಹಾದಿಯನ್ನು ಮುಚ್ಚುತ್ತಿತ್ತೆಂಬುದನ್ನು 1973ರಲ್ಲಿ ಪ್ರಕಟವಾದ ಮುಂಬಯಿ ವೈದ್ಯರ ಅಧ್ಯಯನವೊಂದು ಎತ್ತಿತೋರಿಸಿತು. ಎರಡೇ ವರ್ಷಗಳಲ್ಲಿ, 1975ರಲ್ಲಿ, ಭಾರತದಲ್ಲಿ ಸಿಡುಬು ಕೊನೆಗೊಂಡಿತು. ಗುರು ಯಾವ ಹಾದಿಯ ನಕ್ಷೆಯನ್ನು ಬಿಡಿಸಿದ್ದನೋ ಆ ಹಾದಿಯ ಒಂದು ಶತ್ರುವನ್ನು ಶಿಷ್ಯ, ತನಗೇ ಅರಿವಿಲ್ಲದೆ, ನಾಶ ಮಾಡಿದ್ದ.

ಹಂಟರ್ ತೀರಿಕೊಂಡದ್ದು 1793ರ ಅಕ್ಟೋಬರ್ 16ರಂದು. ಹೃದಯದ ನೋವು ಆತನನ್ನು ಹಲವು ವರ್ಷಗಳಿಂದ ಕಾಡುತ್ತಿತ್ತು. ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯಲ್ಲಿ ವಿದ್ಯಾರ್ಥಿಗಳ ಪ್ರವೇಶದ ವಿಷಯಕ್ಕೆ ವಾಗ್ವಾದ ನಡೆದು, ಸಿಟ್ಟನ್ನು ನುಂಗಿಕೊಂಡು ಪಕ್ಕದ ಕೋಣೆಗೆ ನಡೆದ ಹಂಟರ್ ಅಲ್ಲಿಯೇ ಕುಸಿದ. ಬಿಟ್ಟುಹೋದದ್ದು ಸಾಲ, ಮತ್ತು ಸುಮಾರು 14,000 ಮಾದರಿಗಳ ಸಂಗ್ರಹ. 1799ರಲ್ಲಿ ಬ್ರಿಟಿಷ್ ಸರ್ಕಾರ 15,000 ಪೌಂಡ್ ಕೊಟ್ಟು ಅದನ್ನು ಕೊಂಡಿತು. ಹಂಟರ್‌ನ ಹಸ್ತಪ್ರತಿಗಳನ್ನು ಎವೆರಾರ್ಡ್ ಹೋಮ್ 1823ರಲ್ಲಿ ಸುಟ್ಟುಹಾಕಿದ. ಸಂಗ್ರಹದ ಬಹುಭಾಗ 1941ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಬೆಂಕಿ ಮುಟ್ಟಲಾಗದ್ದು ಆತ ಕಲಿಸಿದ ರೀತಿ: ದೇಹ ಏನು ಮಾಡುತ್ತಿದೆಯೆಂಬುದನ್ನು ಮೊದಲು ನೋಡು, ಆಮೇಲೆ ಕತ್ತಿ ಹಿಡಿ.

ಮುಚ್ಚಿದ ಹಾದಿಯನ್ನು ತೆರೆಯಲು ಕತ್ತಿ ಹಿಡಿದವನು ಅಮೆರಿಕದ ಫಿಲಡೆಲ್ಫಿಯಾದ ಎಡ್ವರ್ಡ್ ಮಾರ್ಟಿನ್. 1902ರಲ್ಲಿ, ಮೊದಲು ನಾಯಿಗಳ ಮೇಲೆ ಪರೀಕ್ಷಿಸಿ, ಬಳಿಕ ಗೊನೋರಿಯಾದಿಂದ ಎಪಿಡಿಡಿಮಿಸ್ ಮುಚ್ಚಿಹೋಗಿದ್ದ ರೋಗಿಯಲ್ಲಿ, ವೀರ್ಯನಾಳವನ್ನು ತಡೆಯ ಹಿಂಬದಿಗೆ ಬೆಳ್ಳಿಯ ಎಳೆಗಳಿಂದ ಹೊಲಿದ. ವೀರ್ಯಾಣುಗಳು ಮರಳಿ ಕಾಣಿಸಿಕೊಂಡವು. ಆದರೆ ಬರಿಗಣ್ಣಿನ ಆ ಹೊಲಿಗೆಯಲ್ಲಿ ಅದೃಷ್ಟದ ಪಾಲು ದೊಡ್ಡದಿತ್ತು. 1921ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಾರ್ಲ್ ನೈಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ತಂದ; 1960ರಲ್ಲಿ ಜೂಲಿಯಸ್ ಜೇಕಬ್‌ಸನ್ ಅದರ ನೆರವಿನಿಂದ ಸಣ್ಣ ರಕ್ತನಾಳಗಳನ್ನು ಹೊಲಿದು ತೋರಿಸಿದ. 1970ರ ದಶಕದಲ್ಲಿ ಅಮೆರಿಕದ ಶರ್ಮನ್ ಸಿಲ್ಬರ್ ವೀರ್ಯನಾಳವನ್ನೂ, 1978ರ ವೇಳೆಗೆ ಎಪಿಡಿಡಿಮಿಸ್‌ನ ಒಂದೇ ನಳಿಕೆಯನ್ನೂ ಸೂಕ್ಷ್ಮದರ್ಶಕದ ಕೆಳಗೆ ನಿಖರವಾಗಿ ಜೋಡಿಸುವ ವಿಧಾನವನ್ನು ರೂಢಿಗೆ ತಂದರು. ವೀರ್ಯನಾಳದ ಒಳರಂಧ್ರ ಮಿಲಿಮೀಟರಿನ ಅರ್ಧದಷ್ಟೂ ಇರುವುದಿಲ್ಲ. ಎಪಿಡಿಡಿಮಿಸ್‌ನ ನಳಿಕೆ ಅದಕ್ಕಿಂತಲೂ ಸಣ್ಣದು. ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಉಸಿರು ಬಿಗಿಹಿಡಿದು ಗಂಟೆಗಟ್ಟಲೆ ಕೂತು ಮಾಡುವ ಈ ಕೆಲಸದಲ್ಲಿ ಮರಗೆಲಸದ ಹುಡುಗ ಹಂಟರ್‌ನ ಕೈಗಳು ನನಗೆ ಬಹಳ ಸಲ ನೆನಪಾಗಿವೆ.

ಫಲವೇನು? ಸಂತಾನಹರಣ ಚಿಕಿತ್ಸೆಯನ್ನು ಮರುಜೋಡಿಸಿದ 1,469 ಗಂಡಸರ ವಿವರಗಳನ್ನು ಅಮೆರಿಕದ ವೈದ್ಯರ ಗುಂಪೊಂದು 1991ರಲ್ಲಿ ಪ್ರಕಟಿಸಿತು. ತಡೆ ಒಡ್ಡಿ ಮೂರು ವರ್ಷದೊಳಗೆ ಜೋಡಿಸಿದವರಲ್ಲಿ ಶೇ 97ರಷ್ಟು ಮಂದಿಯಲ್ಲಿ ವೀರ್ಯಾಣುಗಳು ಮರಳಿದವು, ಶೇ 76ರಷ್ಟು ದಂಪತಿಗಳಿಗೆ ಗರ್ಭ ನಿಂತಿತು. ಹದಿನೈದು ವರ್ಷ ಅಥವಾ ಹೆಚ್ಚು ಕಳೆದವರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ 71 ಮತ್ತು ಶೇ 30. ಸೋಂಕಿನಿಂದ ಎಪಿಡಿಡಿಮಿಸ್ ಮುಚ್ಚಿದಾಗ ಜೋಡಣೆ ಇನ್ನೂ ಕಠಿಣ, ಫಲವೂ ಕಡಿಮೆ. ವೀರ್ಯಾಣು ಕಾಣಿಸಿಕೊಳ್ಳಲು ತಿಂಗಳುಗಳು ಹಿಡಿಯಬಹುದು. ಹಂಟರ್ ಕಂಡಂತೆ ನಾಳವೇ ಇಲ್ಲದೆ ಹುಟ್ಟಿದವರಲ್ಲಿ ಜೋಡಿಸಲು ಏನೂ ಇರುವುದಿಲ್ಲ. ಅವರಲ್ಲಿ ಅನೇಕರಿಗೆ 1989ರಲ್ಲಿ ಪತ್ತೆಯಾದ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಕಾರಣವಾಗುವ ಜೀನಿನ ದೋಷವಿರುವುದರಿಂದ ಗಂಡಹೆಂಡಿರಿಬ್ಬರ ತಳಿ ಪರೀಕ್ಷೆಯೂ ಅಗತ್ಯ. ಅಂಥವರಿಗೆ ವೃಷಣ ಅಥವಾ ಎಪಿಡಿಡಿಮಿಸ್‌ನಿಂದಲೇ ವೀರ್ಯಾಣುವನ್ನು ಎತ್ತಿ, 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ವರದಿ ಮಾಡಿದ ಇಕ್ಸಿ ವಿಧಾನದಲ್ಲಿ ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ದಾರಿಯಿದೆ. ಅದು ವಿಜ್ಞಾನದ ದೊಡ್ಡ ವರ.

ಆದರೆ ಈ ವರವೇ ಮೊದಲ ಮತ್ತು ಏಕೈಕ ಉತ್ತರವಾಗುತ್ತಿರುವುದು ನನಗೆ ಕಳವಳ ತಂದಿದೆ. ಹಾದಿ ಗಂಡಸಿನಲ್ಲಿ ಕಟ್ಟಿದೆ. ಹಾರ್ಮೋನ್ ಚುಚ್ಚುಮದ್ದು, ಅಂಡಾಣು ತೆಗೆಯುವ ಸೂಜಿ, ಪ್ರತಿ ಸೋಲಿನ ನಂತರದ ಇನ್ನೊಂದು ಸುತ್ತು, ಇವೆಲ್ಲ ಹೆಂಗಸಿನ ಪಾಲಿಗೆ. ಆಕೆಯ ವಯಸ್ಸು ಮೀರುತ್ತಿದ್ದರೆ, ಆಕೆಗೂ ಬೇರೆ ತೊಂದರೆಗಳಿದ್ದರೆ ಆ ದಾರಿಯೇ ಸರಿ, ಒಪ್ಪುತ್ತೇನೆ. ಆಕೆ ಚಿಕ್ಕವಳಾಗಿದ್ದು, ಆತನ ವೃಷಣಗಳು ಸಹಜ ಗಾತ್ರದಲ್ಲಿದ್ದು, ಹಾರ್ಮೋನ್ ಪ್ರಮಾಣ ಸರಿಯಾಗಿದ್ದು, ತಡೆಯೊಂದೇ ಕಾರಣವೆಂದು ಖಚಿತವಾದಾಗ, ಹಾದಿಯನ್ನು ದುರಸ್ತಿ ಮಾಡುವ ಸಾಧ್ಯತೆಯನ್ನು ಅವರ ಮುಂದಿಡುವುದು ವೈದ್ಯನ ಕರ್ತವ್ಯ. ಜೋಡಣೆ ಫಲಿಸಿದರೆ ಮನೆಯಲ್ಲೇ ಗರ್ಭ ನಿಲ್ಲುತ್ತದೆ. ಎರಡನೆಯ ಮಗುವಿಗೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಿಲ್ಲ. ಈ ಕೌಶಲ ದೀರ್ಘ ಅಭ್ಯಾಸದಿಂದ ಬರುವಂಥದು. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಅದನ್ನು ಕಲಿಸುವ ವ್ಯವಸ್ಥೆಯಾಗದಿದ್ದರೆ ಬಡವನ ಮುಚ್ಚಿದ ಹಾದಿ ಮುಚ್ಚಿಯೇ ಇರುತ್ತದೆ.

ಅದಕ್ಕೂ ಮೊದಲು ಆಗಬೇಕಾದದ್ದು ಬಹಳ ಸಣ್ಣ ಕೆಲಸ. ಮಕ್ಕಳಾಗಲಿಲ್ಲವೆಂದು ವೈದ್ಯರ ಬಳಿ ಹೋದ ದಿನವೇ ಹೆಂಡತಿಯ ಪರೀಕ್ಷೆಯ ಜೊತೆಗೆ ಗಂಡನ ವೀರ್ಯಪರೀಕ್ಷೆಯೂ ಆಗಬೇಕು. ಅದಕ್ಕೆ ಕತ್ತಿಯಿಲ್ಲ, ಸೂಜಿಯಿಲ್ಲ, ದೊಡ್ಡ ಖರ್ಚಿಲ್ಲ. ವರದಿಯಲ್ಲಿ ವೀರ್ಯಾಣು ಇಲ್ಲವೆಂದು ಬಂದರೂ ಅದು ಗಂಡಸುತನದ ಮೇಲಿನ ತೀರ್ಪಲ್ಲ. ತಡೆ ಎಲ್ಲಿದೆಯೆಂದು ಹುಡುಕಲು ಸಿಕ್ಕ ಮೊದಲ ಸುಳಿವು ಅಷ್ಟೇ. ದೇಹದ ಮಾತನ್ನು ಕಣ್ಣಿಟ್ಟು ನೋಡದೆ ನಂಬಬೇಡಿ ಎಂದು ಇನ್ನೂರೈವತ್ತು ವರ್ಷಗಳ ಹಿಂದೆ ಹಂಟರ್ ತನ್ನ ಕೆಲಸದಿಂದಲೇ ಹೇಳಿಹೋದ. ನೋಡುವ ಸಾಧನ ಇಂದು ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೂ ಇದೆ. ಇಲ್ಲದಿರುವುದು ನೋಡಿಸಿಕೊಳ್ಳುವ ಧೈರ್ಯ. ಆ ಧೈರ್ಯವನ್ನು ನಮ್ಮ ಗಂಡಸರು ತೋರಿದರೆ, ತನ್ನದಲ್ಲದ ಹೆಸರನ್ನು ಹೊತ್ತು ತಿರುಗುತ್ತಿರುವ ಎಷ್ಟೋ ಹೆಣ್ಣುಮಕ್ಕಳ ತಲೆಯ ಭಾರ ಆ ದಿನವೇ ಇಳಿಯುತ್ತದೆ.